ಅದ್ಭುತ ಲೋಕದ ಕಥನ: ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆ

ಚಾಮರಾಜನಗರ ಜಿಲ್ಲೆಯ ಈ ಮೂರು ತಾಲ್ಲೂಕುಗಳಲ್ಲಿ ಮಲೆಯ ಮಾದೇಶ್ವರ, ಮಂಟೇಸ್ವಾಮಿ, ಬಿಳಿಗಿರಿರಂಗ ಎಂಬ ದೈವಗಳ ಸುತ್ತ ಬೆಳೆದು ಬಂದ, ಹಾಡಿ ಹೇಳುವ ಕಥನಪರಂಪರೆ. ಸಾಹಿತ್ಯ ಚರಿತ್ರೆಗಳು ಕಲ್ಪಿತ ಲೋಕಗಳ ಕಥೆ ಎಂದಾಗ ಅಚ್ಚಾದ ವೈಜ್ಞಾನಿಕ ಕಥೆಗಳಿಂದ, ರಾಜಶೇಖರ ಭೂಸನೂರಮಠರಂಥ ಲೇಖಕರಿಂದ ಶುರುಮಾಡುತ್ತವೆ. ಈ ಸೀಮೆಯ ಕಾವ್ಯಗಳನ್ನು ಭಕ್ತಿಯ ಕಪಾಟಿನಲ್ಲೋ ಜಾನಪದದ ಕಪಾಟಿನಲ್ಲೋ ಇಟ್ಟುಬಿಡುವುದರಿಂದ ಅವು ಕಟ್ಟಿದ ಲೋಕದ ವಿಚಾರ ಹೆಚ್ಚಾಗಿ ಉಳಿದೇಹೋಗಿದೆ. ಹಾಡುವವರಿಗಾದರೋ ಇದು ಕಟ್ಟುಕಥೆಯಲ್ಲ, ದೇವರ ಸೇವೆ.

ಮಾದೇಶ್ವರನ ಕಾವ್ಯವನ್ನು ದೇವರಗುಡ್ಡರು ಕಂಸಾಳೆ ಎಂಬ ಕಂಚಿನ ತಾಳ ಹಿಡಿದು ಹಾಡುತ್ತಾರೆ. ಮಂಟೇಸ್ವಾಮಿಯದನ್ನು ನೀಲಗಾರರು ತಂಬೂರಿ, ಗಗ್ಗರ, ದಮ್ಮಡಿಗಳೊಂದಿಗೆ. ಕಥೆಯ ಒಂದೊಂದು ಭಾಗವೂ ಒಂದೊಂದು ‘ಸಾಲು’. ಶ್ರವಣದೊರೆಯ ಸಾಲಿನಲ್ಲಿ ಬಂಕಾಪುರಿಯ ಅರಸ ದೇವತೆಗಳನ್ನೇ ಸೆರೆಹಿಡಿದು ಚಾಕರಿಗಿಟ್ಟುಕೊಂಡಿದ್ದಾನೆ. ಅವನನ್ನು ಮುಗಿಸುವುದು ಕತ್ತಿಯಲ್ಲ, ಮಾದಾರಿ ಹರಳಯ್ಯ ಹೊಲಿದ, ಉರಿಯನ್ನು ಒಡಲಲ್ಲಿಟ್ಟುಕೊಂಡ ಚಮ್ಮಾವುಗೆ. ಸಂಕಮ್ಮನ ಸಾಲಿನಲ್ಲಿ ಕಾಡಿಗೆ ಹೊರಟ, ಸೋಲಿಗ ಬುಡಕಟ್ಟಿನ ನೀಲೇಗೌಡ ಹೆಂಡತಿ ಸಂಕಮ್ಮನಿಂದ ಪಾತಿವ್ರತ್ಯದ ಭಾಷೆ ಕೇಳುತ್ತಾನೆ, ಆಕೆ ಕೊಡಲೊಪ್ಪುವುದಿಲ್ಲ. ಮಾದೇಶ್ವರನ ವರದಿಂದ ಅವಳಿಗೆ ಕಾರಯ್ಯ, ಬಿಲ್ಲಯ್ಯ ಹುಟ್ಟುತ್ತಾರೆ.

ಇಷ್ಟು ವಿಚಿತ್ರವಾದ ಲೋಕದಲ್ಲಿ ಕೇಳುಗ ದಾರಿ ತಪ್ಪದಿರುವುದಕ್ಕೆ ಕಾರಣ ಕಾವ್ಯದ ಭೂಗೋಳ. ಹುಲಿಯೇರಿ ಬರುವ ಮಾದೇಶ್ವರ ಸುತ್ತೂರು ಮಠದಲ್ಲಿ ರಾಗಿ ಬೀಸುತ್ತಾನೆ, ಕುಂತೂರಿಗೆ ಬರುತ್ತಾನೆ, ಆಲಂಬಾಡಿಯ ಜುಂಜೇಗೌಡನಿಂದ ಗುಡಿ ಕಟ್ಟಿಸಿಕೊಳ್ಳುತ್ತಾನೆ. ಅವನ ಏಳುಮಲೆಗಳ ಪಟ್ಟಿಯಲ್ಲಿರುವ ಪೊನ್ನಾಚಿ ಇಂದಿಗೂ ಹನೂರು ತಾಲ್ಲೂಕಿನ ಊರು. ಜಾತ್ರೆಗೆ ನಡೆದು ಬರುವವರ ಕಾಲುದಾರಿಯಲ್ಲೇ ಪವಾಡಗಳು ನಡೆಯುತ್ತವೆ; ಅಲ್ಲಿ ಬರುವ ಪಾತ್ರಗಳು ಕುರುಬ, ಸೋಲಿಗ, ಮಾದಿಗ, ಒಕ್ಕಲಿಗರ ಮನೆಗಳವು.

ಕಾಲದ ಪ್ರಶ್ನೆಯಲ್ಲೇ ಗೊಂದಲ ಜಾಸ್ತಿ. ಮಂಟೇಸ್ವಾಮಿ ಕಾವ್ಯದ ನಾಯಕ 12ನೇ ಶತಮಾನದ ಬಸವಣ್ಣನ ಕಲ್ಯಾಣಕ್ಕೆ ಅಸಹ್ಯ ಹುಟ್ಟಿಸುವ ವೇಷದಲ್ಲಿ ಹೋಗಿ ಅಲ್ಲಿನ ಶರಣರನ್ನು ಒರೆಗೆ ಹಚ್ಚುತ್ತಾನೆ. ಅಲ್ಲಿಂದ ದಕ್ಷಿಣಕ್ಕೆ ಬಂದು ಮಳವಳ್ಳಿ ಸೀಮೆಯ ಬೊಪ್ಪೇಗೌಡನಪುರದಲ್ಲಿ ನೆಲೆಯಾಗುತ್ತಾನೆ. ವಿದ್ವಾಂಸರಲ್ಲಿ ಹಲವರು ಮಂಟೇಸ್ವಾಮಿಯನ್ನೂ ಮಾದೇಶ್ವರನನ್ನೂ 15–16ನೇ ಶತಮಾನದ ಆಸುಪಾಸಿಗೆ ತರುತ್ತಾರೆ. ಕಾವ್ಯವನ್ನೇ ಸಾಕ್ಷಿಯಾಗಿಸಿ ಒಂದು ಇಸವಿಗೆ ಗಂಟುಹಾಕುವ ಪ್ರಯತ್ನಗಳು ಮನವೊಪ್ಪಿಸುವುದಿಲ್ಲ. ಆ ಕಾವ್ಯದಲ್ಲಿ ಕಲ್ಯಾಣವು ಕಳೆದುಹೋದ ಊರಲ್ಲ, ಯಾರು ಬೇಕಾದರೂ ಮತ್ತೆ ಹೋಗಿ ಪ್ರಶ್ನೆ ಕೇಳಬಹುದಾದ ಊರು. ಮಂಟೇಸ್ವಾಮಿಯ ಶಿಷ್ಯ ಸಿದ್ದಪ್ಪಾಜಿ ಹಲಗೂರಿನ ಪಾಂಚಾಳ ಕಮ್ಮಾರರಲ್ಲಿ ಕಬ್ಬಿಣದ ಭಿಕ್ಷೆ ಬೇಡುವ ಸಾಲು ಇದೇ ಕಥೆಯ ಮುಂದುವರಿಕೆ. ಅವನ ಗದ್ದುಗೆ ಇರುವ, ಈ ಸೀಮೆಯ ಚಿಕ್ಕಲ್ಲೂರಿನಲ್ಲಿ ಪ್ರತಿ ವರ್ಷ ಜನವರಿಯ ಸುಮಾರಿನ ಹುಣ್ಣಿಮೆಗೆ ‘ಚಂದ್ರಮಂಡಲ’ವೆಂಬ ಆಕೃತಿಯನ್ನು ಹೊತ್ತಿಸಿ ಜಾತ್ರೆ ಆರಂಭಿಸುತ್ತಾರೆ.

ಈ ಹಾಡುಕಾವ್ಯಗಳನ್ನು ಬಿಟ್ಟು ಯಳಂದೂರಿನ ಲಿಖಿತ ಕಾವ್ಯದ ಕಡೆ ನೋಡಿದರೆ 17ನೇ ಶತಮಾನದ ಷಡಕ್ಷರದೇವನ ಹೆಸರಿದೆ. ಅವನ ಚಂಪೂಗಳ ವರ್ಣನಾಲೋಕದ ಬಗ್ಗೆ ಬೇಕಾದಷ್ಟು ಬರೆಯಲಾಗಿದೆ.

ಹಾಡುಕಾವ್ಯಗಳ ಬರಹದ ದಾಖಲೆ ಮಾತ್ರ ತಡವಾದದ್ದಕ್ಕೆ ಆಡಳಿತದ ಗೆರೆಗಳೂ ಸ್ವಲ್ಪಮಟ್ಟಿಗೆ ಕಾರಣವಿರಬೇಕು. ಯಳಂದೂರು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಮೈಸೂರಿನೊಳಗೇ ಉಳಿಯಿತು. ಹನೂರನ್ನೂ ಒಳಗೊಂಡಿದ್ದ ಕೊಳ್ಳೇಗಾಲ ತಾಲ್ಲೂಕು ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿ, 1956ರಲ್ಲಿ ಮಾತ್ರ ಮೈಸೂರು ರಾಜ್ಯಕ್ಕೆ ಬಂತು. ಗುಡ್ಡರಿಗೆ, ನೀಲಗಾರರಿಗೆ ಈ ಗಡಿ ಲೆಕ್ಕಕ್ಕಿರಲಿಲ್ಲ, ಬರೆದಿಡುವವರಿಗೆ ಇತ್ತು.

ತಿರುವು ಸಿಕ್ಕಿದ್ದು ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ಅಧ್ಯಯನದಿಂದ. ಜೀ.ಶಂ. ಪರಮಶಿವಯ್ಯನವರು ದಕ್ಷಿಣ ಕರ್ನಾಟಕದ ವೃತ್ತಿಗಾಯಕರನ್ನು ಹುಡುಕಿಕೊಂಡು ಹೋದರು, ಪಿ.ಕೆ. ರಾಜಶೇಖರ ಅವರ ‘ಮಲೆಯ ಮಾದೇಶ್ವರ’ 1973ರಲ್ಲಿ ಅಚ್ಚಾಯಿತು. ಮುಂದೆ ಹಂಪಿಯ ಕನ್ನಡ ವಿಶ್ವವಿದ್ಯಾಲಯ 1990ರ ದಶಕದಲ್ಲಿ ಕೆ. ಕೇಶವನ್ ಪ್ರಸಾದ್ ಸಂಪಾದಿಸಿದ ಮಾದೇಶ್ವರ ಕಾವ್ಯವನ್ನೂ ಹಿ.ಚಿ. ಬೋರಲಿಂಗಯ್ಯ ಸಂಪಾದಿಸಿದ ಮಂಟೇಸ್ವಾಮಿ ಕಾವ್ಯವನ್ನೂ ಹೊರತಂದಿತು. ಇವುಗಳಲ್ಲಿ ಯಾವುದು ಮೂಲಪಾಠ ಎಂದು ಕೇಳುವುದು ದಂಡ. ಒಂದೊಂದು ಅಚ್ಚುಪ್ರತಿಯೂ ಒಂದು ಮೇಳ, ಒಂದು ಸಂದರ್ಭದಲ್ಲಿ ಹಾಡಿದ್ದರ ಗುರುತು. ಇನ್ನೊಂದು ಮೇಳ ಇನ್ನೊಂದು ರಾತ್ರಿ ಅದೇ ಸಾಲನ್ನು ಹಿಗ್ಗಿಸೀತು, ಮತ್ತೊಂದನ್ನು ಎರಡೇ ಮಾತಿನಲ್ಲಿ ದಾಟೀತು.

ಅಚ್ಚಿನ ಸಾಹಿತ್ಯಕ್ಕೆ ಈ ಲೋಕ ಬೇರೆ ಬೇರೆ ಬಾಗಿಲಿನಿಂದ ಬಂದಿದೆ. ಎಚ್.ಎಸ್. ಶಿವಪ್ರಕಾಶರು ‘ಮಂಟೇಸ್ವಾಮಿ ಕಥಾಪ್ರಸಂಗ’ ನಾಟಕ ಬರೆದರು. ಪಕ್ಕದ ನಂಜನಗೂಡು ಸೀಮೆಯ ದೇವನೂರ ಮಹಾದೇವ ಅವರ, 1990ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ‘ಕುಸುಮಬಾಲೆ’ಯಲ್ಲಿ ಮನೆಮನೆಯ ದೀಪಗಳು ಜೋತಮ್ಮಂದಿರಾಗಿ ರಾತ್ರಿ ಒಂದೆಡೆ ಸೇರಿ ತಂತಮ್ಮ ಮನೆಯ ಸುದ್ದಿ ಹೇಳಿಕೊಳ್ಳುತ್ತವೆ. ಪರದೇಶದ ಮಾಂತ್ರಿಕ ವಾಸ್ತವವಾದದ ಹೆಸರು ಹೇಳಿ ಇದನ್ನು ವಿವರಿಸಿದವರಿದ್ದಾರೆ. ನೀಲಗಾರರ ಹಾಡನ್ನು ಒಂದು ರಾತ್ರಿ ಕೂತು ಕೇಳಿದವರಿಗೆ ಅಷ್ಟು ದೂರ ಹೋಗುವ ಅಗತ್ಯ ಕಾಣದು.

ಬಿಳಿಗಿರಿರಂಗನ ಕಥೆ ಇವುಗಳಷ್ಟು ಚರ್ಚೆಗೆ ಬಂದಿಲ್ಲ. ರಂಗಸ್ವಾಮಿ ಸೋಲಿಗರ ಹೆಣ್ಣು ಕುಸುಮಾಲೆಯನ್ನು ಮದುವೆಯಾದವನು, ಹಾಗಾಗಿ ಸೋಲಿಗರಿಗೆ ಅವನು ಭಾವ. ಕಾಡು ಸುತ್ತುವ ಆ ಭಾವನಿಗೆ ಭಕ್ತರು ಭಾರಿ ಅಳತೆಯ ಚಪ್ಪಲಿ ಒಪ್ಪಿಸುವ ವಾಡಿಕೆಯಿದೆ. ಅವನು ಸುತ್ತುವ ಸೋಲಿಗರ ಕಾಡು ಕುಲಕುಲದ ‘ಯೆಲ್ಲೆ’ಗಳಾಗಿ ಹಂಚಿಹೋಗಿದ್ದು, ಪ್ರತಿ ಯೆಲ್ಲೆಯಲ್ಲೂ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿಗಳ ತಾಣಗಳಿವೆ. 21ನೇ ಶತಮಾನದ ಆರಂಭದಲ್ಲಿ ಸೋಲಿಗರು ಸಂಶೋಧಕರ ಜೊತೆ ಸೇರಿ ಈ ತಾಣಗಳನ್ನು ನಕಾಶೆಗೆ ಇಳಿಸಿದರು. ಈ ತಾಣಗಳಿರುವ ಕಾಡು 2011ರಲ್ಲಿ ಬಿಳಿಗಿರಿರಂಗನಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅರಣ್ಯ ಹಕ್ಕು ಕಾಯ್ದೆಯಡಿ ಅಲ್ಲಿನ ಸೋಲಿಗರಿಗೆ ಸಮುದಾಯ ಹಕ್ಕುಪತ್ರಗಳೂ ಸಿಕ್ಕವು.