ಎಎಂಎಲ್ ಮತ್ತು ನೋವು: ಲೆಕ್ಕಕ್ಕೆ ಸೇರದೆ ಉಳಿದ ಲಕ್ಷಣ

ತೀವ್ರ ಮೈಲಾಯ್ಡ್ ಲ್ಯುಕೇಮಿಯಾ, ಅಂದರೆ ಆಸ್ಪತ್ರೆಯವರ ಬಾಯಲ್ಲಿ ಎಎಂಎಲ್, ನೋವು ಕೊಡುವ ಕಾಯಿಲೆಯೇ ಎಂದು ಕೇಳಿದರೆ ಇವತ್ತು ಸಿಗುವ ಉತ್ತರ 'ಸಾಮಾನ್ಯವಾಗಿ ಇಲ್ಲ' ಎಂಬುದೇ. ಗಡ್ಡೆ ಇಲ್ಲ, ಒತ್ತುವುದಿಲ್ಲ. ಕಾಯಿಲೆ ಇರುವುದು ರಕ್ತದಲ್ಲಿ, ರಕ್ತಕ್ಕೆ ನರವಿಲ್ಲ. ಆರೋಗ್ಯ ಅಂಕಣಗಳಲ್ಲಿ ಹೀಗೆ ಬರೆಯುತ್ತಾರೆ, ರೋಗಿಯ ಮನೆಯವರಿಗೆ ಧೈರ್ಯ ಹೇಳುವಾಗಲೂ ಹೀಗೇ ಹೇಳುತ್ತಾರೆ. ಈ ಉತ್ತರ ಪೂರ್ತಿ ಸುಳ್ಳಲ್ಲ. ರೋಗ ಪತ್ತೆಯಾದ ದಿನದ ಮಟ್ಟಿಗೆ ಅದು ಬಹುಪಾಲು ನಿಜ: ಹೆಚ್ಚಿನವರು ಬರುವುದು ಸುಸ್ತು, ಬಿಡದ ಜ್ವರ, ವಸಡಿನ ರಕ್ತಸ್ರಾವ, ಚರ್ಮದ ಮೇಲಿನ ಕೆಂಪು ಚುಕ್ಕೆಗಳೊಂದಿಗೆ. ಆದರೆ ಎಎಂಎಲ್ ಒಂದು ದಿನದ ಕಾಯಿಲೆಯಲ್ಲ. ಪತ್ತೆಯಾದ ದಿನದಿಂದ ರಕ್ತಕಣಗಳು ಚೇತರಿಸಿಕೊಳ್ಳುವವರೆಗಿನ ವಾರಗಳನ್ನೂ ಆಮೇಲಿನ ತಿಂಗಳುಗಳನ್ನೂ ಒಟ್ಟಿಗೆ ಇಟ್ಟು ಕೇಳಿದರೆ ಅದೇ ಪ್ರಶ್ನೆಗೆ ಉತ್ತರ ಬದಲಾಗುತ್ತದೆ. ಹಾಗೆ ಕೇಳಲು ವೈದ್ಯಶಾಸ್ತ್ರಕ್ಕೆ ಇಷ್ಟು ಕಾಲ ಹಿಡಿದದ್ದು ಏಕೆ ಎಂಬುದನ್ನು ಈ ಕ್ಷೇತ್ರದ ಬೆಳವಣಿಗೆಯಲ್ಲೇ ಹುಡುಕಬೇಕು.

ಆರಂಭದ ಕಥೆ ಪಠ್ಯಪುಸ್ತಕಗಳಲ್ಲಿ ಸಾಕಷ್ಟು ಸಿಗುತ್ತದೆ, ಇಲ್ಲಿ ಬೇಗ ದಾಟಬಹುದು. 1845ರಲ್ಲಿ ಎಡಿನ್‌ಬರೋದ ಜಾನ್ ಹ್ಯೂಸ್ ಬೆನೆಟ್ ಮತ್ತು ಬರ್ಲಿನ್‌ನ ರುಡಾಲ್ಫ್ ವಿರ್ಚೋ ಈ ರೋಗವನ್ನು ಬೇರೆಬೇರೆಯಾಗಿ ವಿವರಿಸಿದರು. ಎರಡು ವರ್ಷಗಳ ಬಳಿಕ ವಿರ್ಚೋ ಅದಕ್ಕೆ ಲ್ಯುಕೇಮಿಯಾ ಎಂದು ಹೆಸರಿಟ್ಟರು. ಅರ್ನ್ಸ್ಟ್ ನಾಯ್ಮನ್ 1870ರ ಹೊತ್ತಿಗೆ ರೋಗದ ಮೂಲವನ್ನು ಅಸ್ಥಿಮಜ್ಜೆಗೆ ಒಯ್ದರು. ಪಾಲ್ ಎರ್ಲಿಕ್ ಅವರ ಬಣ್ಣದ ತಂತ್ರ ಬಂದ ಮೇಲೆ ಕಣಗಳ ಜಾತಿ ಗುರುತಿಸುವುದೇ ಮುಖ್ಯ ಕೆಲಸವಾಯಿತು. ನಾಯ್ಮನ್ ತೋರಿಸಿದ ದಾರಿಯಲ್ಲಿ ಹೋಗಿದ್ದರೆ ಇದನ್ನು ಮೂಳೆಯೊಳಗಿನ ಕಾಯಿಲೆ ಎಂದು ನೋಡಬೇಕಿತ್ತು. ಗಾಜಿನ ಪಟ್ಟಿಯ ಮೇಲಿನ ರಕ್ತದ ಹನಿ ಅಷ್ಟು ಸ್ಪಷ್ಟವಾಗಿ ಮಾತಾಡುತ್ತಿದ್ದುದರಿಂದ ಅದು ರಕ್ತದ ಕಾಯಿಲೆಯಾಗಿಯೇ ಉಳಿಯಿತು. ಮೂಳೆಯ ನೋವು ಲಕ್ಷಣಗಳ ಪಟ್ಟಿಯ ಕೊನೆಗೆ ಸರಿದದ್ದು ಈ ಹಂತದಲ್ಲಿ ಎಂದು ನನ್ನ ಊಹೆ.

ಮೂಳೆಯ ಒಳಗನ್ನು ನೋಡಿದರೆ ನೋವಿಗೆ ಕಾರಣಗಳು ಕಾಣುತ್ತವೆ. ಮಜ್ಜೆ ಇರುವುದು ಹಿಗ್ಗದ ಗಟ್ಟಿ ಗೋಡೆಗಳ ನಡುವೆ. ಬಲಿಯದ ಕಣಗಳು, ಅಂದರೆ ಬ್ಲಾಸ್ಟ್‌ಗಳು, ಅಲ್ಲಿ ತುಂಬಿಕೊಂಡಾಗ ಒತ್ತಡ ಏರುತ್ತದೆ. ಮೂಳೆಯ ಹೊರಪೊರೆಯಲ್ಲಿ ನೋವಿನ ನರಗಳು ದಟ್ಟವಾಗಿವೆ, ಮಜ್ಜೆಯೊಳಗೂ ಇವೆ. ಎದೆಯ ನಡುಮೂಳೆಯನ್ನು ಹೆಬ್ಬೆರಳಿನಿಂದ ಒತ್ತಿದಾಗ ರೋಗಿ ಮುಖ ಕಿವುಚುವುದು ಹಳೆಯ ವೈದ್ಯರಿಗೆ ಚೆನ್ನಾಗಿ ಗೊತ್ತಿದ್ದ ಲಕ್ಷಣ. ಅಪರೂಪಕ್ಕೆ ಮಜ್ಜೆಯ ಒಂದು ಭಾಗವೇ ಸತ್ತುಹೋಗುತ್ತದೆ. ಆಗಿನ ನೋವು ತೀವ್ರ. ಮಾನೋಸೈಟ್ ಬಗೆಯ ಎಎಂಎಲ್‌ನಲ್ಲಿ ಬ್ಲಾಸ್ಟ್‌ಗಳು ವಸಡಿಗೆ ಇಳಿದು ವಸಡು ಹಲ್ಲಿನ ಮೇಲೆ ಊದಿಕೊಳ್ಳುತ್ತದೆ, ಅಗಿಯುವುದೇ ಕಷ್ಟವಾಗುತ್ತದೆ. ಗಡ್ಡೆಯೇ ಇಲ್ಲ ಎಂಬ ಮಾತೂ ಪೂರ್ತಿ ಸರಿಯಲ್ಲ: ಮೈಲಾಯ್ಡ್ ಸಾರ್ಕೋಮಾ ಎಂಬ ಹಸಿರು ಛಾಯೆಯ ಗಡ್ಡೆಯನ್ನು ಅಲನ್ ಬರ್ನ್ಸ್ 1811ರಲ್ಲೇ, ಲ್ಯುಕೇಮಿಯಾ ಎಂಬ ಹೆಸರು ಹುಟ್ಟುವ ಮೊದಲೇ, ವರ್ಣಿಸಿದ್ದರು. ಅದು ಕಣ್ಣಿನ ಗುಳಿಯಲ್ಲೋ ಬೆನ್ನುಹುರಿಯ ಪಕ್ಕದಲ್ಲೋ ಬೆಳೆಯಬಹುದು; ಬೆನ್ನುಹುರಿಯ ಪಕ್ಕದಲ್ಲಾದರೆ ಬೆನ್ನುನೋವೇ ಮೊದಲ ಎಚ್ಚರಿಕೆಯಾಗಬಹುದು. ಇಷ್ಟಿದ್ದರೂ ಮೂಳೆನೋವಿನ ವಿಷಯದಲ್ಲಿ ಎಎಂಎಲ್ ತನ್ನ ಸೋದರ ಕಾಯಿಲೆಯಾದ ತೀವ್ರ ಲಿಂಫಾಯ್ಡ್ ಲ್ಯುಕೇಮಿಯಾಗಿಂತ ಹಿಂದೆಯೇ. ಕುಂಟುತ್ತಾ ಬಂದ ಮಗುವಿಗೆ ಸಂಧಿವಾತ ಎಂದು ಔಷಧ ಕೊಟ್ಟು ಕೊನೆಗೆ ಲ್ಯುಕೇಮಿಯಾ ಎಂದು ತಿಳಿಯುವುದು ಹೆಚ್ಚಾಗಿ ಲಿಂಫಾಯ್ಡ್ ಬಗೆಯಲ್ಲಿ. 'ಎಎಂಎಲ್ ನೋಯುವುದಿಲ್ಲ' ಎಂಬ ಮಾತು ಹುಟ್ಟಿದ್ದು ಬಹುಶಃ ಈ ಹೋಲಿಕೆಯಿಂದ. ಒಂದು ಕಾಯಿಲೆಗಿಂತ ಕಡಿಮೆ ನೋಯುತ್ತದೆ ಎಂದರೆ ನೋಯುವುದೇ ಇಲ್ಲ ಎಂದಲ್ಲ.

ನಿಜವಾದ ತಿರುವು ಬಂದದ್ದು 1973ರಲ್ಲಿ, ಸೈಟರಬಿನ್ ಏಳು ದಿನ, ಡೌನೊರುಬಿಸಿನ್ ಮೂರು ದಿನ ಕೊಡುವ ಕ್ರಮದೊಂದಿಗೆ. ಅದುವರೆಗೆ ಹೆಚ್ಚಿನವರು ವಾರಗಳಲ್ಲಿ ತೀರಿಕೊಳ್ಳುತ್ತಿದ್ದ ಕಾಯಿಲೆಗೆ ಚಿಕಿತ್ಸೆಯ ದಾರಿ ತೆರೆಯಿತು. ಜೊತೆಗೆ ಹೊಸ ಬಗೆಯ ನೋವೂ ಬಂತು. ಔಷಧ ಶುರುವಾಗಿ ಒಂದು ವಾರ ಕಳೆಯುವಷ್ಟರಲ್ಲಿ ಬಾಯಿಯ ಒಳಪೊರೆ ಸುಲಿಯುತ್ತದೆ. ಹುಣ್ಣು ಕೆನ್ನೆಯ ಒಳಗೆ, ನಾಲಿಗೆಯ ಅಂಚಿನಲ್ಲಿ, ಗಂಟಲಲ್ಲಿ. ಉಪ್ಪು ಖಾರ ಬಿಡಿ, ನೀರುಮಜ್ಜಿಗೆ ಕಲಸಿದ ಅನ್ನವೂ ಇಳಿಯುವುದಿಲ್ಲ. ಎಂಜಲು ನುಂಗುವುದಕ್ಕೂ ರೋಗಿ ಒಮ್ಮೆ ಸಜ್ಜಾಗಬೇಕು. ಇದು ಬಿಳಿ ರಕ್ತಕಣಗಳು ಮರಳುವವರೆಗೆ, ಎರಡು ವಾರದ ಆಸುಪಾಸು, ನಡೆಯುತ್ತದೆ. ಇದೇ ದಿನಗಳಲ್ಲಿ ಗುದದ್ವಾರದ ಸುತ್ತ ಸೋಂಕು ತಗಲಿದರೆ ಇನ್ನೊಂದು ವಿಚಿತ್ರ ಕಾಣುತ್ತದೆ: ಕೀವು ಮಾಡುವ ಕಣಗಳೇ ಇಲ್ಲದ ಕಾರಣ ಬಾವೂ ಇಲ್ಲ, ಕೀವೂ ಇಲ್ಲ, ಚರ್ಮ ಹೆಚ್ಚುಕಡಿಮೆ ಸಹಜವಾಗಿಯೇ ಇರುತ್ತದೆ, ಆದರೆ ರೋಗಿಗೆ ಕೂರಲಾಗದಷ್ಟು ನೋವು. ಹೊಟ್ಟೆಯ ಬಲಭಾಗದಲ್ಲಿ ಸೀಕಂ ಎಂಬ ಕರುಳಿನ ಭಾಗ ಊದಿಕೊಂಡಾಗಲೂ ಜ್ವರದ ಜೊತೆ ಬರುವ ನೋವೇ ಸುಳಿವು. ಅಂಥ ಸಮಯದಲ್ಲಿ ನೋವನ್ನು ಕೇಳದಿರುವುದು ಬರೀ ನಿರ್ದಯೆಯಲ್ಲ, ರೋಗನಿರ್ಣಯದ ಲೋಪ.

ಇದಕ್ಕೆ ಪರೀಕ್ಷೆಗಳ ನೋವನ್ನೂ ಸೇರಿಸಬೇಕು. ಇಂದು ಬಳಸುವ ಸೊಂಟದ ಮೂಳೆಯ ಸೂಜಿಗೆ ರೂಪ ಬಂದದ್ದು 1971ರಲ್ಲಿ, ಜಮ್‌ಶೀದಿಯವರ ಹೆಸರಿನಲ್ಲಿ. ರೋಗಿ ಮಗ್ಗುಲಾಗಿ ಮಲಗಿ ಮೊಣಕಾಲು ಮಡಚುತ್ತಾರೆ. ಲಿಗ್ನೋಕೇನ್ ಚರ್ಮವನ್ನೂ ಮೂಳೆಯ ಪೊರೆಯನ್ನೂ ಮರಗಟ್ಟಿಸುತ್ತದೆ. ಸೂಜಿ ತಿರುಗುತ್ತಾ ಒಳಗೆ ಹೋಗುವಾಗ ಬರೀ ಒತ್ತಡ. ಆಮೇಲೆ ಸಿರಿಂಜನ್ನು ಎಳೆಯುವ ಆ ಕೆಲವು ಸೆಕೆಂಡು, ಮಜ್ಜೆ ಮೇಲೆ ಬರುವಾಗ, ತೊಡೆಯವರೆಗೆ ಇಳಿಯುವ ಒಂದು ಸೆಳೆತವಿದೆ. ಮೇಲೆ ಕೊಟ್ಟ ಮರಗಟ್ಟಿಸುವ ಮದ್ದು ಅಲ್ಲಿಗೆ ತಲುಪುವುದಿಲ್ಲ. ಮಕ್ಕಳಿಗೆ ಜೋಂಪು ತರುವ ಮದ್ದು ಕೊಡುವ ಆಸ್ಪತ್ರೆಗಳಲ್ಲೂ ದೊಡ್ಡವರಿಗೆ ಬಹುತೇಕ ಲಿಗ್ನೋಕೇನ್ ಒಂದೇ. ಎಎಂಎಲ್ ರೋಗಿಗೆ ಈ ಪರೀಕ್ಷೆ ರೋಗ ಪತ್ತೆಗೆ, ಕೀಮೊ ಆದ ಮೇಲೆ, ಮತ್ತೆ ಮರುಕಳಿಸಿದೆಯೇ ಎಂಬ ಸಂಶಯ ಬಂದಾಗ ಹೀಗೆ ಪದೇ ಪದೇ ಬರುತ್ತದೆ. ಮೊದಲ ಸಲ ನೋವು ತಿಂದವರು ಎರಡನೇ ಸಲಕ್ಕೆ ಹಿಂದಿನ ರಾತ್ರಿಯೇ ನಿದ್ದೆ ಬಿಟ್ಟಿರುತ್ತಾರೆ.

ನೋವಿನ ವಿಜ್ಞಾನ ಬೇರೆಯೇ ದಾರಿಯಲ್ಲಿ ಬೆಳೆಯಿತು. 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಅವರ ಸಿದ್ಧಾಂತ, 1967ರಲ್ಲಿ ಲಂಡನ್ನಿನಲ್ಲಿ ಸಿಸಿಲಿ ಸಾಂಡರ್ಸ್ ತೆರೆದ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್, 1986ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೋವುಶಮನದ ಏಣಿ. ಈ ಏಣಿ ಕೋಟ್ಯಂತರ ಜನರ ನೋವು ತಗ್ಗಿಸಿದೆ, ಅದರ ಬಗ್ಗೆ ನನಗೆ ಗೌರವವಿದೆ. ಆದರೆ ಅದನ್ನು ಕಟ್ಟಿದ್ದು ಗಡ್ಡೆಯ ಕ್ಯಾನ್ಸರ್‌ಗಳನ್ನು ಮುಂದಿಟ್ಟುಕೊಂಡು. ಅದರ ಮೊದಲ ಮೆಟ್ಟಿಲು ಆಸ್ಪಿರಿನ್ ಬಗೆಯ ಮಾತ್ರೆಗಳು ಮತ್ತು ಪ್ಯಾರಸಿಟಮಾಲ್. ಪ್ಲೇಟ್‌ಲೆಟ್ ಕುಸಿದ ಎಎಂಎಲ್ ರೋಗಿಗೆ ಆಸ್ಪಿರಿನ್ ಅಪಾಯ. ಪ್ಯಾರಸಿಟಮಾಲ್ ಜ್ವರವನ್ನು ಮುಚ್ಚಿಬಿಡುತ್ತದೆ, ಆ ದಿನಗಳಲ್ಲಿ ಜೀವ ಉಳಿಸುವ ಸೂಚನೆಯೇ ಜ್ವರ. ಸ್ನಾಯುವಿಗೆ ಚುಚ್ಚುವಂತಿಲ್ಲ, ಗುದದ ಮೂಲಕ ಕೊಡುವಂತಿಲ್ಲ. ಹೀಗೆ ಕೆಳಗಿನ ಮೆಟ್ಟಿಲು ಮುರಿದಿರುವಾಗ ಮಾರ್ಫೀನ್‌ನಂಥ ಔಷಧಕ್ಕೆ ನೇರವಾಗಿ ಹೋಗಬೇಕು. ಭಾರತದಲ್ಲಿ 1985ರ ಮಾದಕ ವಸ್ತು ಕಾಯ್ದೆಯ ನಂತರ ವೈದ್ಯಕೀಯ ಮಾರ್ಫೀನ್ ಬಳಕೆ ಕುಸಿಯಿತು. ನಿಯಮಗಳನ್ನು ಸಡಿಲಿಸಿದ ತಿದ್ದುಪಡಿ ಬಂದದ್ದು 2014ರಲ್ಲಿ. 1993ರಿಂದ ಕಲ್ಲಿಕೋಟೆಯಲ್ಲಿ ಎಂ. ಆರ್. ರಾಜಗೋಪಾಲ್ ಮತ್ತು ಸಂಗಡಿಗರು, 1999ರಿಂದ ಬೆಂಗಳೂರಿನಲ್ಲಿ ಕರುಣಾಶ್ರಯದವರು ಕಟ್ಟಿದ ಉಪಶಾಮಕ ಆರೈಕೆ, ಅಂದರೆ ನೋವು ತಗ್ಗಿಸುವ ಆರೈಕೆ, ಈ ಕೊರತೆಯ ನಡುವೆ ಬೆಳೆದದ್ದು. ಆದರೆ ಉಪಶಾಮಕ ಆರೈಕೆ ಎಂದರೆ ಗುಣವಾಗದವರಿಗೆ ಎಂಬ ಗ್ರಹಿಕೆ ಎಲ್ಲೆಡೆ ಬೇರೂರಿತ್ತು. ಗುಣವಾಗಲೆಂದೇ ವಾರ್ಡಿನಲ್ಲಿ ಮಲಗಿರುವ ಎಎಂಎಲ್ ರೋಗಿ ಆ ಬಾಗಿಲಿಗೂ ಸೇರಲಿಲ್ಲ.

ಈ ಗೋಡೆಯನ್ನು ಒಡೆದದ್ದು ನಮ್ಮ ಕಾಲದ ಎರಡು ಗುಂಪುಗಳು. ನನ್ನ ಒಲವು ಅವರ ಕಡೆಗೇ ಎಂಬುದನ್ನು ಮುಚ್ಚಿಡುವುದಿಲ್ಲ. ಟೊರಾಂಟೊದಲ್ಲಿ ಕ್ಯಾಮಿಲಾ ಜಿಮ್ಮರ್‌ಮನ್, ಗ್ಯಾರಿ ರಾಡಿನ್ ಮತ್ತು ಜೊತೆಗಾರರು ತೀವ್ರ ಲ್ಯುಕೇಮಿಯಾ ರೋಗಿಗಳ ಕೈಗೇ ಪ್ರಶ್ನಾವಳಿ ಕೊಟ್ಟು ಲಕ್ಷಣಗಳನ್ನು ಎಣಿಸಿದರು. 2013ರಲ್ಲಿ ಅದು ಪ್ರಕಟವಾಯಿತು. ಆಯಾಸ ಮುಂದಿತ್ತು, ನೋವೂ ಸಾಮಾನ್ಯ ಲಕ್ಷಣಗಳ ಸಾಲಿನಲ್ಲೇ ಇತ್ತು. ಒಬ್ಬೊಬ್ಬರಿಗೂ ಏಕಕಾಲಕ್ಕೆ ಹಲವು ಲಕ್ಷಣಗಳು. ಇದೆಲ್ಲ ಕಂಡದ್ದು ರೋಗಿಯೇ ಗುರುತು ಹಾಕಿದ ಹಾಳೆಯಲ್ಲಿ. ಬಾಸ್ಟನ್ನಿನ ಅರೀಜ್ ಎಲ್-ಜವಾಹ್ರಿ, ಡ್ಯೂಕ್ ವಿಶ್ವವಿದ್ಯಾಲಯದ ಥಾಮಸ್ ಲೆಬ್ಲಾಂಕ್ ಮೊದಲಾದವರು ಇನ್ನೂ ಮುಂದೆ ಹೋದರು. ತೀವ್ರ ಕೀಮೊ ಪಡೆಯುತ್ತಿದ್ದ 160 ಎಎಂಎಲ್ ರೋಗಿಗಳಲ್ಲಿ ಅರ್ಧದಷ್ಟು ಜನರನ್ನು, ಅವರು ಆಸ್ಪತ್ರೆಯಲ್ಲಿದ್ದಾಗ, ಉಪಶಾಮಕ ತಂಡ ವಾರಕ್ಕೆ ಕನಿಷ್ಠ ಎರಡು ಸಲ ನೋಡಿತು. 2021ರಲ್ಲಿ ಹೊರಬಂದ ಫಲಿತಾಂಶದಲ್ಲಿ ಅವರ ಜೀವನದ ಗುಣಮಟ್ಟ ಎರಡನೇ ವಾರಕ್ಕೇ ಉತ್ತಮವಾಗಿತ್ತು. ಖಿನ್ನತೆ, ಆತಂಕ, ಆಘಾತದ ನಂತರದ ಲಕ್ಷಣಗಳು ಕಡಿಮೆಯಿದ್ದವು. ಈ ಆರೈಕೆ ಕೊಟ್ಟದ್ದು ಸಾಯುವವರಿಗೆಂದು ಅಲ್ಲ, ಗುಣವಾಗಲು ಹೊರಟವರಿಗೆ. ಇತ್ತ ಪ್ರಯೋಗಾಲಯದಲ್ಲೂ ಮೂಳೆಯ ನರಗಳು ಗಮನಕ್ಕೆ ಬಂದವು. ಪಾಲ್ ಫ್ರೆನೆಟ್ ಅವರ ತಂಡ 2014ರಲ್ಲಿ, ಎಎಂಎಲ್ ಕಣಗಳು ಇಲಿಯ ಮಜ್ಜೆಯಲ್ಲಿನ ಸಿಂಪಥೆಟಿಕ್ ನರತಂತುಗಳನ್ನು ಹಾಳುಮಾಡುತ್ತವೆ, ಆ ಹಾನಿಯೇ ಕಾಯಿಲೆಯನ್ನು ಬೆಳೆಸುತ್ತದೆ ಎಂದು ತೋರಿಸಿತು. ಇವು ನೋವಿನ ನರಗಳಲ್ಲ, ಇಲಿಯಿಂದ ಮನುಷ್ಯನಿಗೆ ನೇರ ಜಿಗಿತವೂ ಸಲ್ಲದು. ಆದರೂ 'ರಕ್ತಕ್ಕೆ ನರವಿಲ್ಲ' ಎಂದು ಮಾತು ಮುಗಿಸುವ ಕಾಲ ಹೋಯಿತು.

ಆಕ್ಷೇಪಗಳಿವೆ. ಬಾಯಿಹುಣ್ಣು ಔಷಧದ ನೋವು, ಕಾಯಿಲೆಯದ್ದಲ್ಲ ಎನ್ನುತ್ತಾರೆ. ಶಾಸ್ತ್ರದ ವಿಂಗಡಣೆಗೆ ಅದು ಸರಿ. ಆದರೆ ಚಿಕಿತ್ಸೆಯಿಲ್ಲದ ಎಎಂಎಲ್ ವಾರಗಳ ಮಾತು. ಕೀಮೊ ತೆಗೆದುಕೊಳ್ಳುವುದು ಈ ಕಾಯಿಲೆ ಇರುವುದರ ಒಂದು ಭಾಗವೇ. ಬ್ಲಾಸ್ಟ್ ಇಳಿದರೆ ಮೂಳೆನೋವು ತಾನೇ ಹೋಗುತ್ತದೆ, ಆದ್ದರಿಂದ ಕೀಮೊವೇ ಒಳ್ಳೆಯ ನೋವುನಿವಾರಕ ಎಂಬುದು ಎರಡನೆಯದು. ಮೂಳೆನೋವಿನ ಮಟ್ಟಿಗೆ ಒಪ್ಪುತ್ತೇನೆ. ಆದರೆ ಮೂಳೆಯ ನೋವು ಇಳಿಯುವ ದಿನಗಳಲ್ಲೇ ಬಾಯಿಯ ನೋವು ಏರುತ್ತದೆ. ಮಾರ್ಫೀನ್ ಕೊಟ್ಟರೆ ಕರುಳಿನ ಅಪಾಯ ಮುಚ್ಚಿಹೋಗುತ್ತದೆ ಎಂಬ ಭಯ ಹಳೆಯದು. ತುರ್ತು ಹೊಟ್ಟೆನೋವಿನ ಬಗೆಗಿನ ಅಧ್ಯಯನಗಳು ಅದನ್ನು ಬೆಂಬಲಿಸಿಲ್ಲ. ಮೊದಲು ಪರೀಕ್ಷಿಸಿ, ಬರೆದಿಟ್ಟು, ಆಮೇಲೆ ಕೊಟ್ಟರೆ ಸಾಕು. ಮಲಬದ್ಧತೆಯ ಅಪಾಯ ಮಾತ್ರ ನಿಜವಾದದ್ದು, ಅದಕ್ಕೆ ಮೊದಲ ದಿನದಿಂದಲೇ ಮದ್ದು ಬೇಕು.

ಉಳಿದಿರುವ ಖಾಲಿ ಜಾಗಗಳು ಸಣ್ಣವಲ್ಲ. ಔಷಧ ಪ್ರಯೋಗಗಳ ಕೋಷ್ಟಕದಲ್ಲಿ ಹೆಚ್ಚಾಗಿ ಅಚ್ಚಾಗುವುದು ವೈದ್ಯರು ತೀವ್ರತೆಯಲ್ಲಿ ಮೂರನೇ ದರ್ಜೆ ಮತ್ತು ಮೇಲೆ ಎಂದು ಗುರುತಿಸಿದ ತೊಂದರೆಗಳು. ಮೂರು ವಾರ ಬಿಡದೆ ಕಾಡಿದ ಎರಡನೇ ದರ್ಜೆಯ ನೋವು ಅಲ್ಲಿ ಕಾಣುವುದಿಲ್ಲ. ನಮ್ಮ ದೇಶದ ಎಎಂಎಲ್ ವರದಿಗಳಲ್ಲಿ ರೋಗಶಮನ, ಸೋಂಕಿನ ಸಾವು, ಚಿಕಿತ್ಸೆ ಅರ್ಧಕ್ಕೆ ಬಿಟ್ಟವರ ಲೆಕ್ಕ ಸಿಗುತ್ತದೆ, ನೋವಿನ ಲೆಕ್ಕ ಕಣ್ಣಿಗೆ ಬೀಳುವುದು ಅಪರೂಪ. ಅಮೆರಿಕದಲ್ಲಿ 2018ರಲ್ಲಿ ಎಎಂಎಲ್‌ಗೆ ಅನುಮತಿ ಪಡೆದ ವೆನೆಟೊಕ್ಲಾಕ್ಸ್ ಎಂಬ ಔಷಧ ಈಗ ಇಲ್ಲಿಯೂ ವಯಸ್ಸಾದವರಿಗೆ ಅಜಾಸಿಟಿಡಿನ್ ಜೊತೆ ಸಿಗುತ್ತಿದೆ. ಅವರು ತಿಂಗಳ ಬಹುಭಾಗವನ್ನು ಕಳೆಯುವುದು ಮನೆಯಲ್ಲಿ, ಮಾರ್ಫೀನ್ ಮಾತ್ರೆ ಸಿಗದ ಊರುಗಳಲ್ಲಿ. ಬೇಕಾಗಿರುವುದು ದುಬಾರಿ ಅಧ್ಯಯನವೇನಲ್ಲ. ವಾರ್ಡಿನ ಹಾಳೆಯಲ್ಲಿ ಜ್ವರ, ರಕ್ತದೊತ್ತಡ, ಕಣಗಳ ಸಂಖ್ಯೆಯ ಪಕ್ಕದಲ್ಲಿ ನೋವಿಗೊಂದು ಸಾಲು. ಬೆಳಗ್ಗೆ ಸಂಜೆ, ಬಾಯಿ, ಮೂಳೆ, ಹೊಟ್ಟೆ, ಗುದ ಎಂದು ಬೇರೆಬೇರೆಯಾಗಿ ಕೇಳಿ ಸೊನ್ನೆಯಿಂದ ಹತ್ತರೊಳಗೆ ಬರೆದದ್ದು. ಮಜ್ಜೆ ಪರೀಕ್ಷೆಯ ದಿನ ಪ್ರತ್ಯೇಕ ಗುರುತು. ಎರಡು ಆಸ್ಪತ್ರೆಗಳು ಒಂದು ವರ್ಷ ಹೀಗೆ ಬರೆದಿಟ್ಟರೆ ಯಾವ ದಿನ, ಯಾವ ಜಾಗದಲ್ಲಿ, ಎಷ್ಟು ಜನರಿಗೆ ನೋವಿತ್ತು, ಅವರಲ್ಲಿ ಎಷ್ಟು ಜನರಿಗೆ ಔಷಧ ಸಿಕ್ಕಿತು ಎಂಬುದು ಅದೇ ಹಾಳೆಗಳಿಂದ ಹೊರಬರುತ್ತದೆ.