ಗುಂಡಿಯಲ್ಲಿ ಸಿಕ್ಕ ಕಲ್ಲಿನ ಮೀನು

ಸತ್ತವರ ಜೊತೆ ಏನೇನು ಇಡಬೇಕು ಅನ್ನುವುದನ್ನು ಅವರ ಮನೆಯವರು ತೀರ್ಮಾನ ಮಾಡುತ್ತಾರೆ. ಆ ಸತ್ತವರು ಯಾರು ಅನ್ನುವುದನ್ನು ಮಾತ್ರ ಸಾವಿರಾರು ವರ್ಷ ಬಿಟ್ಟು ಬಂದ ಬೇರೆಯವರು ತೀರ್ಮಾನ ಮಾಡುತ್ತಾರೆ. ಈ ಎರಡನೆಯ ತೀರ್ಮಾನದ ರಾಜಕಾರಣ ದಲಿತ ವಿಮರ್ಶೆಗೆ ಸಂಬಂಧಿಸಿದ್ದು ಎಂದೇ ನನ್ನ ನಂಬಿಕೆ.

ಈಜಿಪ್ಟಿನ ದಕ್ಷಿಣ ಭಾಗದಲ್ಲಿ, ನೈಲ್ ನದಿಯ ಕಪ್ಪು ಹೊಲ ಮುಗಿದು ಮರಳುಗಾಡು ಶುರುವಾಗುವ ಅಂಚಿನಲ್ಲಿ ನಕಾದಾ ಎಂಬ ಊರಿದೆ. ಕ್ರಿ.ಪೂ. 4000ದಿಂದ 3000ದ ನಡುವೆ, ಅಂದರೆ ಪಿರಮಿಡ್ಡುಗಳಿಗೆ ಎಷ್ಟೋ ಮೊದಲು, ಅಲ್ಲಿನ ಜನ ತಮ್ಮವರನ್ನು ಮರಳಿನ ಗುಂಡಿಯಲ್ಲಿ ಹೂಳುತ್ತಿದ್ದರು. ಮಗು ಹೊಟ್ಟೆಯೊಳಗೆ ಮಲಗಿದ ಹಾಗೆ ಮಂಡಿ ಮಡಿಚಿ, ಹೆಚ್ಚಾಗಿ ಎಡಮಗ್ಗುಲಿಗೆ, ಮುಖ ಪಡುವಣಕ್ಕೆ ಮಾಡಿ ಮಲಗಿಸುತ್ತಿದ್ದರು. ಪಕ್ಕದಲ್ಲಿ ಮಡಕೆ, ಮಣಿಸರ, ಒಂದು ಕಲ್ಲಿನ ಹಲಗೆ. ಈ ಹಲಗೆಯ ಕಲ್ಲು ಪೂರ್ವದ ಮರುಭೂಮಿಯ ವಾದಿ ಹಮ್ಮಾಮಾತ್ ಕಣಿವೆಯದು. ಮಲಾಕೈಟ್ ಎಂಬ ಹಸಿರು ಅದುರನ್ನು ಅದರ ಮೇಲೆ ಅರೆದು ಕಣ್ಣಿಗೆ ಹಚ್ಚುತ್ತಿದ್ದರು. ಕೆಲವು ಹಲಗೆಗಳನ್ನು ಮೀನು, ಆಮೆ, ಹಕ್ಕಿಯ ಆಕಾರಕ್ಕೆ ಕಡೆದಿದ್ದಾರೆ. ಕಟ್ಟಿಕೊಳ್ಳಲು ತೂತು ಕೊರೆದ ಕಲ್ಲಿನ, ದಂತದ ಸಣ್ಣ ಸಣ್ಣ ತಾಯಿತಗಳೂ ಸಿಕ್ಕಿವೆ. ಅರೆದು ಅರೆದು ಸವೆದ ಹಲಗೆಗಳೂ ಇವೆ. ಅವು ಹೆಣಕ್ಕೆಂದೇ ಮಾಡಿದ ಶೋಕಿಯಲ್ಲ, ದಿನಾ ಕೈಯಲ್ಲಿದ್ದ ಸಾಮಾನು.

1894-95ರಲ್ಲಿ ಫ್ಲಿಂಡರ್ಸ್ ಪೆಟ್ರಿ ಎಂಬ ಇಂಗ್ಲಿಷ್ ವಿದ್ವಾಂಸ ಇಲ್ಲಿ ಎರಡು ಸಾವಿರಕ್ಕೂ ಹೆಚ್ಚು ಗುಂಡಿ ತೆಗೆಸಿದ. ಇವು ಈಜಿಪ್ಟಿನವರದ್ದಲ್ಲ, ಹೊರಗಿನಿಂದ ನುಗ್ಗಿದ 'ಹೊಸ ಜನಾಂಗ'ದ್ದು ಅಂತ ಹೇಳಿಬಿಟ್ಟ. ಫ್ರಾನ್ಸಿನ ಜಾಕ್ ದ ಮೋರ್ಗಾನ್, ಇವರು ಇತಿಹಾಸಪೂರ್ವದ ಈಜಿಪ್ಟಿನವರೇ ಎಂದು ತೋರಿಸಿಕೊಟ್ಟ ಮೇಲೆ ಪೆಟ್ರಿ ಒಪ್ಪಿಕೊಳ್ಳಬೇಕಾಯಿತು. ಆದರೆ ಚಟ ಹೋಗಲಿಲ್ಲ. ಫೇರೋಗಳ ರಾಜ್ಯ ಕಟ್ಟಿದವರು ಹೊರಗಿನಿಂದ ಬಂದ 'ರಾಜವಂಶೀ ಜನಾಂಗ'ದವರು ಅಂತ ಮುಂದೆಯೂ ವಾದಿಸಿದ. ಇವತ್ತು ಆ ವಾದವನ್ನು ವಿದ್ವಾಂಸರು ಕೈಬಿಟ್ಟಿದ್ದಾರೆ. ಒಳ್ಳೆಯದನ್ನು ಕಂಡ ಕೂಡಲೇ ಇದು ಈ ನೆಲದ ದುಡಿಯುವವರದ್ದಾಗಿರಲಾರದು ಎನ್ನುವ ಈ ಬುದ್ಧಿ ನಮಗೇನು ಹೊಸದಲ್ಲವಲ್ಲ!

ಇಲ್ಲಿ ನಾವೂ ಎಚ್ಚರ ತಪ್ಪಬಾರದು. ತಲೆಬುರುಡೆ ಅಳೆದು ನಾವೇ ಮೂಲದವರು ಅಂತ ಸಾಬೀತು ಮಾಡುವ ಆಸೆ ನಮ್ಮಲ್ಲೂ ಇದೆ. ಅಂಬೇಡ್ಕರ್ ಈ ಬಲೆಗೆ ಬೀಳಲಿಲ್ಲ. 1946ರಲ್ಲಿ ಶೂದ್ರರ ಬಗ್ಗೆ, 1948ರಲ್ಲಿ ಅಸ್ಪೃಶ್ಯರ ಬಗ್ಗೆ ಬರೆದ ಎರಡೂ ಪುಸ್ತಕಗಳಲ್ಲಿ ಅವರು ಜನಾಂಗ ಸಿದ್ಧಾಂತವನ್ನು ತಿರಸ್ಕರಿಸಿದರು. ಅಸ್ಪೃಶ್ಯತೆ ರಕ್ತದಿಂದ ಬಂದದ್ದಲ್ಲ, ಸಮಾಜ ಮಾಡಿದ್ದು ಎಂದರು. ನಮ್ಮ ಹಕ್ಕಿಗೆ ಬುರುಡೆಯ ಸಾಕ್ಷಿ ಬೇಕಿಲ್ಲ.

ನಕಾದಾದಲ್ಲಿ ಗುಂಡಿ ತೆಗೆದವರು ಯಾರು? ಮೊದಲು ಹುಡುಗರು ಮೆತ್ತಗಿನ ನೆಲ ಹುಡುಕುತ್ತಿದ್ದರು, ಆಮೇಲೆ ಆಳುಗಳು ಮಣ್ಣು ತೆಗೆಯುತ್ತಿದ್ದರು. ಕೊನೆಗೆ ಅಲಿ ಸುಯೇಫಿ ಎಂಬ ಈಜಿಪ್ಟಿನ ಕುಶಲಿ ಇಳಿದು, ಎಲುಬು, ಮಣಿ ಯಾವುದೂ ಕದಲದ ಹಾಗೆ ಬಿಡಿಸಿಡುತ್ತಿದ್ದ. ಪೆಟ್ರಿ ಬಂದು ಬರೆದುಕೊಳ್ಳುತ್ತಿದ್ದ. ಅಲಿಯ ಜಾಣತನವನ್ನು ಪೆಟ್ರಿಯೇ ಹೊಗಳಿದ್ದಾನೆ, ಆದರೆ ಪುಸ್ತಕದ ಮೇಲೆ ಆ ಹೆಸರಿಲ್ಲ. ಹೆಣದ ಗುಂಡಿ ತೋಡುವುದನ್ನೇ ಕುಲದ ಬಿಟ್ಟಿ ಚಾಕರಿ ಮಾಡಿಸಿಕೊಂಡ ನಾಡಿನವನು ನಾನು. ಅಲ್ಲಿ ಜಾತಿ ಇರಲಿಲ್ಲ, ಎರಡೂ ಒಂದೇ ಅನ್ನುತ್ತಿಲ್ಲ. ಕೈ ಒಬ್ಬರದು, ಹೆಸರು ಇನ್ನೊಬ್ಬರದು ಅನ್ನುವ ಲೆಕ್ಕ ಮಾತ್ರ ನನಗೆ ಗುರುತು ಸಿಗುತ್ತದೆ.

ಅದೇ ಕಾಲದ ಹೀರಾಕೊನ್‌ಪೊಲಿಸ್‌ನಲ್ಲಿ 1996ರಿಂದ 2004ರವರೆಗೆ ದುಡಿಯುವ ಜನರ ಸ್ಮಶಾನವೊಂದನ್ನು ಅಗೆದರು. ನಾನೂರೈವತ್ತಕ್ಕೂ ಹೆಚ್ಚು ಗುಂಡಿಗಳು. ಅದೇ ಊರಿನ ದೊಡ್ಡವರ ಸ್ಮಶಾನದಲ್ಲಿ ಆನೆಗಳನ್ನೂ ಹೂತಿದ್ದಾರೆ. ಬಡವರ ಗುಂಡಿಯಲ್ಲಿ ಒಂದೆರಡು ಮಡಕೆ, ಚಾಪೆ. ಆದರೆ ಕೆಲವರ ಕೈಗೆ, ಮುಖಕ್ಕೆ ನಾರುಬಟ್ಟೆಯನ್ನು ಒತ್ತೊತ್ತಾಗಿ ಸುತ್ತಿದ್ದಾರೆ. ದುಡಿದ ಕೈ ಕೆಡಬಾರದು ಅಂತ ಯಾರೋ ಕಾಳಜಿ ಮಾಡಿದ್ದಾರೆ ಅಂತಲೇ ನಾನು ಓದಿಕೊಳ್ಳುತ್ತೇನೆ.

ನಮ್ಮ ಚರಿತ್ರೆ ಬರೆಯುವುದನ್ನು ಆನೆಯ ಗುಂಡಿಯಿಂದಲ್ಲ, ಆ ಬಟ್ಟೆ ಸುತ್ತಿದ ಕೈಗಳಿಂದ ಶುರುಮಾಡೋಣ.