ಮೀಟರಿನಿಂದ ಪ್ಲಗ್ಗಿನವರೆಗೆ

ನಮ್ಮ ನಾಡಿಗೆ ವಿದ್ಯುತ್ತು ಬಂದ ಚರಿತ್ರೆಯನ್ನು ಹೇಳುವವರು ಸಾಮಾನ್ಯವಾಗಿ ಜಲಪಾತದಿಂದ ಆರಂಭಿಸುತ್ತಾರೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಸಂಕಲ್ಪಿತವಾದ ಶಿವನಸಮುದ್ರದ ಯೋಜನೆ 1902ರಲ್ಲಿ ಫಲಿಸಿ, ಕಾವೇರಿಯ ಶಕ್ತಿ 92 ಮೈಲುಗಳಾಚೆಯ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರ ಆಗಸ್ಟಿನಲ್ಲಿ ಬೆಂಗಳೂರಿನ ಬೀದಿಯಲ್ಲಿ ವಿದ್ಯುದ್ದೀಪ ಬೆಳಗಿತು. 1908ರಲ್ಲಿ ಮೈಸೂರು ನಗರಕ್ಕೂ ಆ ಭಾಗ್ಯ ಬಂದಿತು. ಇದು ದೊಡ್ಡವರ, ದೊಡ್ಡ ದೂರಗಳ ಕಥೆ. ನಾನು ಈ ಹೊತ್ತು ಹೇಳಹೊರಟಿರುವುದು ಬಹಳ ಸಣ್ಣ ದೂರದ ಕಥೆ. ಮನೆಯ ಜಗಲಿಯ ಮೀಟರಿನಿಂದ ಅಡುಗೆಮನೆಯ ಪ್ಲಗ್ಗಿನವರೆಗೆ ಇರುವುದು ಹತ್ತು ಹದಿನೈದು ಗಜ. ಆದರೆ ಹೊಸದಾಗಿ ಕೊಂಡು ತಂದ ಫ್ರಿಜ್ಜು, ವಾಷಿಂಗ್ ಮೆಷೀನುಗಳ ಹಣೆಬರಹ ನಿರ್ಧಾರವಾಗುವುದು ಅಲ್ಲಿಯೇ. ಕೆಲವೊಮ್ಮೆ ಮನುಷ್ಯರದ್ದು ಕೂಡ.

ಏಕೆಂದರೆ ಇಲ್ಲಿ ಎರಡು ಮಾತುಗಳು ಬಂದು ನಿಲ್ಲುತ್ತವೆ. ವಿದ್ಯುತ್ತನ್ನು ಒದಗಿಸುವವರ ಹೊಣೆ ಮೀಟರಿನವರೆಗೆ. ಯಂತ್ರವನ್ನು ಮಾಡಿದವರ ಹೊಣೆ ಪ್ಲಗ್ಗಿನ ಮೂರು ಕಡ್ಡಿಗಳವರೆಗೆ. ನಡುವಿನ ಗೋಡೆ, ತಂತಿ, ಸಾಕೆಟ್ಟುಗಳು ಯಜಮಾನನವು. ಅವಕ್ಕೆ ಯಾರ ಗ್ಯಾರಂಟಿಯೂ ಇಲ್ಲ.

ನಮ್ಮ ಪೆರ್ಡೂರಿನ ಕಡೆ ಈ ನಡುವಣ ಪ್ರದೇಶ ಹೇಗೆ ಬೆಳೆಯಿತೆಂಬುದನ್ನು ಗಮನಿಸಬೇಕು. ಹಿರಿಯಡಕವನ್ನು ದಾಟಿ ಹೆಬ್ರಿಯ ಕಡೆಗೆ ಸಾಗುವ ದಾರಿಯಲ್ಲಿ, ಅನಂತಪದ್ಮನಾಭನ ಸನ್ನಿಧಿಯಿರುವ ಈ ಊರು 1956ರವರೆಗೆ ಮದ್ರಾಸಿನ ಆಡಳಿತಕ್ಕೆ ಸೇರಿದ ದಕ್ಷಿಣ ಕನ್ನಡ ಜಿಲ್ಲೆಯೊಳಗಿತ್ತು. 1957ರಲ್ಲಿ ಮೈಸೂರು ರಾಜ್ಯಕ್ಕೆ ವಿದ್ಯುಚ್ಛಕ್ತಿ ಮಂಡಳಿಯಾಯಿತು. ಅರುವತ್ತರ ದಶಕದಲ್ಲಿ ಶರಾವತಿಯೂ, ಆಮೇಲೆ ಹೊಸಂಗಡಿಯ ವಾರಾಹಿಯೂ ದುಡಿಮೆಗೆ ತೊಡಗಿದವು. 2002ರಿಂದ ಈ ಭಾಗದ ವಿತರಣೆ ಮೆಸ್ಕಾಂನ ಪಾಲಿಗೆ ಬಂದಿತು. ಬೆಳಕು ಬಂದ ಬಗೆಯನ್ನು ನಮ್ಮವರು ಮನೆಗಿಂತ ಮೊದಲು ರಂಗಸ್ಥಳದಲ್ಲಿ ಕಂಡರೆಂದರೆ ತಪ್ಪಾಗದು. ದೊಂದಿಯ ಬೆಳಕಿನಿಂದ ಗ್ಯಾಸ್‌ಲೈಟಿಗೆ, ಗ್ಯಾಸ್‌ಲೈಟಿನಿಂದ ವಿದ್ಯುದ್ದೀಪಕ್ಕೆ ಯಕ್ಷಗಾನದ ವೇಷಗಳು ಬಂದವು. ಅದರೊಡನೆ ಮುಖವರ್ಣಿಕೆಯ ಬಣ್ಣವೂ ಬೇರೆಯಾಗಿ ತೋರಿತು. ಅದು ಇನ್ನೊಂದು ಭಾಷಣದ ವಿಷಯ.

ಮನೆಗೆ ಕರೆಂಟು ಬಂದದ್ದು ದೀಪಕ್ಕಾಗಿ. ಮುರಕಲ್ಲಿನ ಗೋಡೆ, ಹೆಂಚಿನ ಮಾಡು, ಗೋಡೆಯ ಮೇಲೆ ಮರದ ಪಟ್ಟಿ, ಪಟ್ಟಿಯ ಮೇಲೆ ಕ್ಲಿಪ್ಪು ಬಡಿದು ಎಳೆದ ಎರಡು ತಂತಿ. ಎಪ್ಪತ್ತರ ದಶಕದ ಕೊನೆಗೆ ಬಡವರ ಮನೆಗಳಿಗೆ ಬಂದ ಭಾಗ್ಯಜ್ಯೋತಿಯೂ ಒಂದೇ ದೀಪದ ಸಂಪರ್ಕ. ಮುಂದೆ ರೇಡಿಯೋ, ಫ್ಯಾನು ಸೇರಿದರೂ ಎರಡು ತಂತಿಗೆ ಭಾರವಾಗಲಿಲ್ಲ. ಭಾರವಾದದ್ದು ಗ್ರೈಂಡರು, ಫ್ರಿಜ್ಜು, ನೀರು ಕಾಯಿಸುವ ಗೀಸರು ಬಂದಾಗ. 2000 ವ್ಯಾಟಿನ ಗೀಸರು 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಗೋಡೆಯ ಸಣ್ಣ ಸಾಕೆಟ್ಟು ತಡೆಯುವುದು 6 ಆಂಪಿಯರನ್ನು ಮಾತ್ರ. ದೀಪಕ್ಕೆಂದು ಎಳೆದ ತಂತಿಯ ಮೇಲೆ ಗೀಸರನ್ನು ಹೇರುವುದು ಕಾಲುಸಂಕದ ಮೇಲೆ ಲಾರಿ ಓಡಿಸಿದಂತೆ.

ಪ್ಲಗ್ಗಿಗೂ ಒಂದು ಚರಿತ್ರೆಯಿದೆ. ನಮ್ಮ ದುಂಡುಕಡ್ಡಿಯ ಪ್ಲಗ್ಗುಗಳ ಮೂಲ 1934ರ ಬ್ರಿಟಿಷ್ ಮಾನಕ. ಬ್ರಿಟಿಷರು 1947ರಲ್ಲಿ ಚಪ್ಪಟೆ ಕಡ್ಡಿಯ ಹೊಸ ಮಾದರಿಯನ್ನು ರೂಪಿಸಿ ಹಳೆಯದನ್ನು ಕ್ರಮೇಣ ಬಿಟ್ಟರು. ಅದೇ ವರ್ಷ ಅವರನ್ನು ಬೀಳ್ಕೊಟ್ಟ ನಾವು ಅವರು ಬಿಟ್ಟದ್ದನ್ನು ಉಳಿಸಿಕೊಂಡೆವು. 5 ಮತ್ತು 15 ಆಂಪಿಯರ್ ಎಂಬುದು ಈಗ 6 ಮತ್ತು 16 ಎಂದಾಗಿದೆ, ಅಷ್ಟೆ. ಈ ಪ್ಲಗ್ಗಿನ ಮೇಲ್ಗಡೆಯ ಕಡ್ಡಿ ಉಳಿದೆರಡಕ್ಕಿಂತ ಉದ್ದ, ದಪ್ಪ. ಸಿಕ್ಕಿಸುವಾಗ ಅದು ಎಲ್ಲಕ್ಕಿಂತ ಮೊದಲು ತಾಗಬೇಕು, ಕೀಳುವಾಗ ಎಲ್ಲಕ್ಕಿಂತ ಕೊನೆಗೆ ಬಿಡಬೇಕು ಎಂಬುದೇ ಅದರ ಉದ್ದೇಶ. ಯಂತ್ರದ ಲೋಹದ ಮೈಯನ್ನು ಭೂಮಿಗೆ ಸೇರಿಸುವ ಕಡ್ಡಿ ಅದು. ಎಲೆಕ್ಟ್ರೀಶಿಯನ್ನರು ಅದನ್ನು ‘ಅರ್ಥ್’ ಎನ್ನುತ್ತಾರೆ. ಕನ್ನಡ ಪಾಠ ಹೇಳಿದ ನನಗೆ ಆ ಉಚ್ಚಾರ ಕಿವಿಗೆ ಹಿತವೇ. ಎಷ್ಟೋ ಮನೆಗಳಲ್ಲಿ ಸಾಕೆಟ್ಟಿನ ಆ ತೂತಿನ ಹಿಂದೆ ತಂತಿಯೇ ಇಲ್ಲ, ಪದವಿದೆ, ಅರ್ಥವಿಲ್ಲ.

ಈಗ ಗ್ಯಾರಂಟಿ ಕಾರ್ಡಿಗೆ ಬರೋಣ. ಗ್ಯಾರಂಟಿ, ವಾರಂಟಿ ಎಂಬವು ಒಂದೇ ಮೂಲದ ಮಾತುಗಳು. ಫ್ರಾನ್ಸಿನ ಎರಡು ಪ್ರಾಂತಗಳ ಉಚ್ಚಾರಭೇದದಿಂದ ಎರಡಾಗಿ ಇಂಗ್ಲಿಷಿಗೆ ಬಂದವು. ಹಳಗನ್ನಡದ ‘ಪಾಲು’ ‘ಹಾಲು’ ಆದಾಗ ನಾವು ಒಂದನ್ನು ಬಿಟ್ಟೆವು. ಅವರು ಎರಡನ್ನೂ ಇಟ್ಟುಕೊಂಡು ವಕೀಲರಿಗೆ ಕೆಲಸ ಕೊಟ್ಟರು. ನಮ್ಮ 1930ರ ಸರಕು ಮಾರಾಟದ ಕಾಯಿದೆಯಲ್ಲಿಯೇ ವಾರಂಟಿಯ ಪ್ರಸ್ತಾಪವಿದೆ. ಕೊಳ್ಳುವವನು ಸುಲಭವಾಗಿ ದೂರು ಕೊಡಲು ದಾರಿಯಾದದ್ದು 1986ರ ಗ್ರಾಹಕ ಸಂರಕ್ಷಣಾ ಕಾಯಿದೆಯಿಂದ. 2019ರ ಕಾಯಿದೆ ಈಗ ಅದರ ಸ್ಥಾನದಲ್ಲಿದೆ. ಕಾರ್ಡಿನಲ್ಲಿ ಬರೆದುದಷ್ಟೇ ಕೊಂಡವನ ಹಕ್ಕಲ್ಲವೆಂದು ಈ ಕಾಯಿದೆಗಳನ್ನು ಓದಿದವರಿಗೆ ತಿಳಿಯುತ್ತದೆ. ಆದರೆ ಕಾರ್ಡಿನ ಸಣ್ಣಕ್ಷರಗಳನ್ನು ಓದದವನಿಗೆ ಆ ಹಕ್ಕನ್ನು ಸಾಧಿಸುವುದು ಕಷ್ಟ. ಅಲ್ಲಿ ಸಾಮಾನ್ಯವಾಗಿ ಕಾಣುವ ಷರತ್ತುಗಳು ಇವು: ಕಂಪೆನಿ ಒಪ್ಪದವರು ಯಂತ್ರವನ್ನು ಬಿಚ್ಚಿರಬಾರದು, ತಂತಿ ಪ್ಲಗ್ಗುಗಳನ್ನು ಕತ್ತರಿಸಿರಬಾರದು, ವೋಲ್ಟೇಜಿನ ಏರಿಳಿತದಿಂದ ಅಥವಾ ಸಿಡಿಲಿನಿಂದ ಕೆಟ್ಟಿರಬಾರದು, ಭೂಸಂಪರ್ಕವಿರಬೇಕು.

ನಮ್ಮ ಬಂಧುಗಳೊಬ್ಬರ ಮನೆಗೆ ವಾಷಿಂಗ್ ಮೆಷೀನು ಬಂದಿತು. ಅದರ ದೊಡ್ಡ ಪ್ಲಗ್ಗು ಗೋಡೆಯ ಸಣ್ಣ ಸಾಕೆಟ್ಟಿಗೆ ಹಿಡಿಸಲಿಲ್ಲ. ನೆರೆಯ ಹುಡುಗ ಬಂದು ಪ್ಲಗ್ಗನ್ನು ಕತ್ತರಿಸಿ, ಎರಡು ಕಡ್ಡಿಯದನ್ನು ಕಟ್ಟಿಕೊಟ್ಟ. ಹಸುರು ತಂತಿ ಹೊರಗುಳಿಯಿತು. ಅದನ್ನು ಅಂದವಾಗಿ ಸುತ್ತಿ ಟೇಪು ಹಚ್ಚಿದ. ಐದು ತಿಂಗಳಿಗೆ ಯಂತ್ರ ನಿಂತಿತು. ದುರಸ್ತಿಗೆ ಬಂದವನು ಒಳಗೆ ಏನಾಗಿದೆಯೆಂದು ನೋಡುವ ಮೊದಲೇ ಪ್ಲಗ್ಗನ್ನು ನೋಡಿ, ಕಾಗದದಲ್ಲಿ ಒಂದು ಸಾಲು ಬರೆದುಹೋದ. ಕೆಟ್ಟ ಭಾಗಕ್ಕೂ ಪ್ಲಗ್ಗಿಗೂ ಸಂಬಂಧವುಂಟೇ ಎಂದು ವಾದಿಸಬಹುದಿತ್ತು. ವಾದಿಸುವ ಚೈತನ್ಯ ಅವರಲ್ಲಿ ಉಳಿದಿರಲಿಲ್ಲ. ಹಣ ಕೊಟ್ಟು ರಿಪೇರಿ ಮಾಡಿಸಿದರು. ಅದಕ್ಕಿಂತ ಭಯಂಕರವಾದದ್ದು, ಆ ಐದು ತಿಂಗಳಲ್ಲಿ ಮೂರು ಮಳೆಗಾಲದ್ದೆಂಬುದು. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು ಆ ಲೋಹದ ಮೈಯನ್ನು ದಿನವೂ ಮುಟ್ಟಿದವರು ಮನೆಯ ಹೆಂಗಸರು.

ಆ ಹುಡುಗ ಮಾಡಬೇಕಾಗಿದ್ದುದು ಪ್ಲಗ್ಗನ್ನು ಗೋಡೆಗೆ ಹೊಂದಿಸುವುದಲ್ಲ, ಗೋಡೆಯನ್ನು ಪ್ಲಗ್ಗಿಗೆ ಹೊಂದಿಸುವುದು: ದಪ್ಪ ತಂತಿ ಎಳೆದು, 16 ಆಂಪಿಯರಿನ ಸಾಕೆಟ್ಟು ಕೂಡಿಸಿ, ಭೂಸಂಪರ್ಕ ಕೊಡುವುದು. ಅದು ಅವನ ಅಧಿಕಾರದ ಕೆಲಸವೂ ಅಲ್ಲ. 1956ರ ಭಾರತೀಯ ವಿದ್ಯುತ್ ನಿಯಮಗಳ 45ನೆಯ ನಿಯಮವನ್ನು ಯಾರು ಬರೆದರೋ, ಭಾಷೆಯ ಮೇಲೆ ಹಿಡಿತವಿದ್ದವರು. ದೀಪ, ಫ್ಯಾನು, ಫ್ಯೂಸು, ಸ್ವಿಚ್ಚು, ಗೃಹೋಪಕರಣಗಳನ್ನು ಬದಲಿಸುವ ಸ್ವಾತಂತ್ರ್ಯವನ್ನು ಅದು ಮನೆಯವರಿಗೆ ಬಿಟ್ಟಿತು. ಆದರೆ ಆ ಬದಲಾವಣೆಯಿಂದ ಮನೆಯ ವಿದ್ಯುತ್ ವ್ಯವಸ್ಥೆಯ ಸಾಮರ್ಥ್ಯವಾಗಲಿ ಸ್ವರೂಪವಾಗಲಿ ವ್ಯತ್ಯಾಸಗೊಳ್ಳಬಾರದು. ಗೊಳ್ಳುವುದಾದರೆ ಪರವಾನಗಿ ಪಡೆದ ಗುತ್ತಿಗೆದಾರರೇ ಬರಬೇಕು. 2003ರ ವಿದ್ಯುತ್ ಕಾಯಿದೆಯ ಅನಂತರ ಬಂದ ಸುರಕ್ಷತಾ ನಿಬಂಧನೆಗಳೂ ಈ ಗೆರೆಯನ್ನು ಉಳಿಸಿಕೊಂಡಿವೆ. ಬಲ್ಬು ಬದಲಿಸುವುದು ಗೆರೆಯ ಈಚೆ. ಗೀಸರಿಗೆ ಹೊಸ ತಂತಿ ಎಳೆಯುವುದು ಆಚೆ. ಮನೆಗೆ ಮಂಜೂರಾದ ಕಿಲೋವ್ಯಾಟನ್ನು ಹೊಸ ಯಂತ್ರ ಮೀರುವುದಾದರೆ ಮೆಸ್ಕಾಂ ಕಚೇರಿಗೂ ಒಂದು ಅರ್ಜಿ.

ಬಣ್ಣಗಳ ವಿಷಯದಲ್ಲಿ ಪಂಡಿತರೂ ಎಡವುತ್ತಾರೆ. ನಮ್ಮ ಗೋಡೆಯ ತಂತಿಗಳಲ್ಲಿ ಕೆಂಪು, ಹಳದಿ, ನೀಲಿ ಮೂರು ಫೇಸುಗಳ ಬಣ್ಣ. ಕಪ್ಪು ನ್ಯೂಟ್ರಲ್, ಹಸುರು ಭೂಮಿ. ಯಂತ್ರದ ಜೊತೆಗೆ ಬರುವ ತಂತಿಯಲ್ಲಾದರೋ ಕಂದು ಫೇಸು, ನೀಲಿಯೇ ನ್ಯೂಟ್ರಲ್, ಹಸುರು-ಹಳದಿ ಪಟ್ಟೆಯದು ಭೂಮಿ. ಮೂರು ಫೇಸಿನ ಸಂಪರ್ಕವಿರುವ ಮನೆಯಲ್ಲಿ ನೀಲಿಗೆ ನೀಲಿಯನ್ನು ಸೇರಿಸಿದ ಸಜ್ಜನ ಒಂದು ಬಣ್ಣಕ್ಕೆ ಎರಡು ಅರ್ಥವುಂಟೆಂಬುದನ್ನು ಯಂತ್ರ ಸುಟ್ಟ ಮೇಲೆ ತಿಳಿಯುತ್ತಾನೆ. ಭೂಸಂಪರ್ಕವಿಲ್ಲದ ಸಾಕೆಟ್ಟಿನಲ್ಲಿ ಅರ್ಥ್ ತಂತಿಯನ್ನು ನ್ಯೂಟ್ರಲ್ಲಿಗೇ ಗಂಟು ಹಾಕುವ ಜಾಣತನ ಇನ್ನೂ ಅಪಾಯದ್ದು. ದಾರಿಯಲ್ಲಿ ನ್ಯೂಟ್ರಲ್ ಕಡಿದರೆ ಯಂತ್ರದ ಮೈಯೆಲ್ಲ ಕರೆಂಟು. ಸೋರಿಕೆಯನ್ನು ಹಿಡಿಯುವ 30 ಮಿಲಿಆಂಪಿಯರಿನ ಸ್ವಿಚ್ಚು ಇಂದು ಅಂಗಡಿಯಲ್ಲಿ ಸಿಗುತ್ತದೆ. ಫ್ರಿಜ್ಜಿನ ಬೆಲೆಯ ಮುಂದೆ ಅದರ ಬೆಲೆ ಏನೂ ಅಲ್ಲ.

ಕೊನೆಯದಾಗಿ ನಮ್ಮ ನೆಲದ ಮಾತು. ಮಳೆಗಾಲದಲ್ಲಿ ಈ ಕೆಂಪು ಮಣ್ಣು ನೀರು ಕುಡಿದು ವಿದ್ಯುತ್ತಿಗೆ ದಾರಿ ಕೊಡುತ್ತದೆ. ಮಾರ್ಚಿ, ಏಪ್ರಿಲಿನ ಹೊತ್ತಿಗೆ ಮುರಕಲ್ಲಿನ ನೆಲ ಒಣಗಿ, ಕೊಳವೆ ಹುಗಿದಿದ್ದರೂ ಭೂಸಂಪರ್ಕ ಹೆಸರಿಗೆ ಮಾತ್ರ ಉಳಿಯುತ್ತದೆ. ಮುಂಗಾರಿಗೆ ಮುಂಚಿನ ಗುಡುಗು ಮಿಂಚು ಬರುವುದೂ ಅದರ ಬೆನ್ನಿಗೇ. ಬಲ್ಲ ಕೆಲಸಗಾರರು ಗುಂಡಿಯಲ್ಲಿ ಕೊಳವೆಯ ಸುತ್ತ ಇದ್ದಿಲು, ಉಪ್ಪು ತುಂಬಿ, ನೀರು ಹೊಯ್ಯಲೆಂದು ಮೇಲೊಂದು ಬಾಯಿ ಬಿಟ್ಟಿರುತ್ತಾರೆ. ಎಷ್ಟೋ ಮನೆಗಳಲ್ಲಿ ಅದರ ಮೇಲೆ ಈಗ ಸಿಮೆಂಟು ಬಿದ್ದಿದೆ, ಇಲ್ಲವೆ ತುಳಸಿಯ ಕುಂಡ ಕುಳಿತಿದೆ. ಕುಂಡವನ್ನು ಸರಿಸಿ, ಬೇಸಗೆಯಲ್ಲಿ ವಾರಕ್ಕೆರಡು ಬಾರಿ ಬಾವಿಯ ಒಂದು ಕೊಡ ನೀರು ಅಲ್ಲಿಗೆ ಹೊಯ್ಯಬೇಕು.